ಸೌಟು ನೋಡಿ ಸೂಜಿ

ಮಧ್ಯಾಹ್ನ ಹನ್ನೆರಡೂ ಮುಕ್ಕಾಲು ಆಯಿತೆಂದು ತಿಳಿಯಲು ನನಗೆ ಗಡಿಯಾರ ಬೇಕಾಗಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಯಾರದೋ ಆರ್‌ಡಿ ಪಾಸ್‌ಬುಕ್ ಕೈಯಲ್ಲಿರುತ್ತದೆ, ಎದುರಿಗೆ ಪಿಂಚಣಿಗೆ ಬಂದ ಅಜ್ಜಂದಿರ ಸಾಲಿರುತ್ತದೆ. ಆದರೂ ಆ ಹೊತ್ತಿಗೆ ಕೈ ಒಂದು ಕ್ಷಣ ನಿಂತುಬಿಡುತ್ತದೆ. ಹದಿನಾಲ್ಕು ಕಿಲೋಮೀಟರ್ ಆಚೆ, ತುಮಕೂರು ಜಿಲ್ಲೆಯ ನಮ್ಮ ಹೋಬಳಿ ಊರಿನ ಸರ್ಕಾರಿ ಶಾಲೆಯಲ್ಲಿ, ನನ್ನ ಮಗಳು ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆಯುವ ಸಮಯ ಅದು.

ಅವಳಿಗೆ ಟೈಪ್ 1 ಡಯಾಬಿಟೀಸ್. ಎರಡನೇ ಕ್ಲಾಸಿನಲ್ಲಿದ್ದಾಗ, ಒಂದು ಡಿಸೆಂಬರಿನಲ್ಲಿ ಗೊತ್ತಾಯಿತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು, ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ವಾಂತಿ. ಊರಿನ ಕ್ಲಿನಿಕ್ಕಿನಲ್ಲಿ ಹೊಟ್ಟೆ ಕೆಟ್ಟಿದೆ ಎಂದು ಔಷಧಿ ಕೊಟ್ಟರು. ಮರುದಿನ ಉಸಿರಾಟ ಜೋರಾಯಿತು. ತುಮಕೂರಿನಲ್ಲಿ ಶುಗರ್ ನೋಡಿದಾಗ 580 ಇತ್ತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ, ಐದು ದಿನ ಐಸಿಯು. ಆ ದಿನಗಳ ಬಗ್ಗೆ ಇಷ್ಟೇ ಬರೆಯಬಲ್ಲೆ.

ನಾನು ಬರೆಯಬೇಕೆಂದಿರುವುದು ಅದರ ನಂತರದ್ದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಡಾಕ್ಟರು ಒಂದು ಪ್ರಶ್ನೆ ಕೇಳಿದರು: "ಮಧ್ಯಾಹ್ನದ ಇಂಜೆಕ್ಷನ್ ಶಾಲೆಯಲ್ಲಿ ಯಾರು ಕೊಡ್ತಾರೆ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರು ತಾಳ್ಮೆಯಿಂದ ವಿವರಿಸಿದರು. ದಿನಕ್ಕೆ ಎರಡೇ ಸಲ ಕೊಡುವ ಮಿಶ್ರ ಇನ್ಸುಲಿನ್ ಇದೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಶಾಲೆಯಲ್ಲಿ ಕೊಡುವವರಿಲ್ಲ ಎಂಬ ಕಾರಣಕ್ಕೇ ಎಷ್ಟೋ ಮನೆಯವರು ಅದನ್ನು ಆರಿಸಿಕೊಳ್ಳುತ್ತಾರೆ. ಆದರೆ ಅದರಲ್ಲಿ ಇನ್ಸುಲಿನ್ ಹೇಳಿದ ಹಾಗೆ ಮಗು ಊಟ ಮಾಡಬೇಕು: ಇಷ್ಟು ಹೊತ್ತಿಗೆ, ಇಷ್ಟೇ. ಇನ್ನೊಂದು ರೀತಿಯಲ್ಲಿ ರಾತ್ರಿ ಒಂದು ದೀರ್ಘ ಕಾಲದ್ದು, ಮತ್ತೆ ಪ್ರತಿ ಊಟಕ್ಕೆ ಮೊದಲು ಒಂದೊಂದು ಬೇಗ ಕೆಲಸ ಮಾಡುವಂಥದ್ದು. ಇದರಲ್ಲಿ ಮಗು ತಿನ್ನುವುದಕ್ಕೆ ತಕ್ಕಂತೆ ಇನ್ಸುಲಿನ್. ಶುಗರ್ ಹತೋಟಿಗೂ ಇದು ಮೇಲು, ಮಗುವಿನ ದಿನಕ್ಕೂ ಮೇಲು. "ಆದರೆ ಮಧ್ಯಾಹ್ನ ಒಬ್ಬರು ಬೇಕು," ಎಂದರು.

ಒಬ್ಬರು ಬೇಕು. ಈ ಎರಡು ಪದಗಳ ಹಿಂದೆ ನಾನು ಆರು ತಿಂಗಳು ಅಲೆದೆ.

ಮೊದಲ ತಡೆ ಮನೆಯಲ್ಲೇ ಇತ್ತು. ನಮ್ಮ ಅತ್ತೆ ಮೊಮ್ಮಗಳನ್ನು ಮಡಿಲಲ್ಲಿಟ್ಟು ಬೆಳೆಸಿದವರು. ಆಸ್ಪತ್ರೆಯಿಂದ ಬಂದ ರಾತ್ರಿ ಅಡುಗೆಮನೆಗೆ ನನ್ನನ್ನು ಕರೆದು, "ಹೆಣ್ಣುಮಗು ಕಣಮ್ಮ. ಊರಿಗೆಲ್ಲ ಗೊತ್ತಾದರೆ ನಾಳೆ ಇವಳನ್ನ ಯಾರು ಕೇಳ್ತಾರೆ? ಸ್ಕೂಲಲ್ಲಿ ಏನೂ ಹೇಳಬೇಡ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಅದೇ ಯೋಚನೆ ನನ್ನಲ್ಲೂ ಸುಳಿದು ಹೋಗಿತ್ತು. ಆದರೆ ಗುಟ್ಟು ಮಾಡಿದರೆ ಏನಾಗುತ್ತದೆ? ಶುಗರ್ 70ಕ್ಕಿಂತ ಕೆಳಗಿಳಿದರೆ ಮಗು ಬೆವರುತ್ತದೆ, ಕೈ ನಡುಗುತ್ತದೆ, ಕೇಳಿದ್ದಕ್ಕೆ ತಲೆಬುಡವಿಲ್ಲದ ಉತ್ತರ ಕೊಡುತ್ತದೆ, ತೂಕಡಿಸುತ್ತದೆ. ವಿಷಯ ಗೊತ್ತಿಲ್ಲದ ಮೇಷ್ಟ್ರು ಅದನ್ನು ಸೋಮಾರಿತನ ಅಂದುಕೊಂಡು ನಿಲ್ಲಿಸಿ ಗದರಿಸುತ್ತಾರೆ. ಆಗ ಬೇಕಾದ ಎರಡು ಚಮಚ ಸಕ್ಕರೆಯನ್ನು ಯಾರೂ ಕೊಡುವುದಿಲ್ಲ. ಗುಟ್ಟಿನಿಂದ ಸಾಯಬಹುದಾದ ಕಾಯಿಲೆ ಇದು. ಅತ್ತೆಗೆ ಅಷ್ಟನ್ನೇ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಹಂಗಾರೆ ಎಲ್ಲರಿಗೂ ಹೇಳು," ಎಂದರು.

ಹೇಳಿದೆವು. ಹೇಳಿದ ಮೇಲೆ ಕೇಳಬೇಕಾದ್ದನ್ನೂ ಕೇಳಿಸಿಕೊಂಡೆವು. ಇಷ್ಟು ಚಿಕ್ಕ ಮಗುವಿಗೆ ಸಕ್ಕರೆ ಕಾಯಿಲೆಯಾ, ಚಾಕಲೇಟ್ ಜಾಸ್ತಿ ಕೊಟ್ಟಿದ್ದಿರಾ, ಬಸುರಿಯಾಗಿದ್ದಾಗ ಸಿಹಿ ತಿಂದಿದ್ದೆಯಾ, ಹಾಗಲಕಾಯಿ ರಸ ಕುಡಿಸಿ, ಇಂಥ ಊರಿನಲ್ಲಿ ನಾಟಿ ಔಷಧಿ ಕೊಡುತ್ತಾರೆ, ಮೂರು ಅಮಾವಾಸ್ಯೆಗೆ ವಾಸಿ. ಇದನ್ನು ಒಂದು ಸಲವಾದರೂ ನೇರವಾಗಿ ಬರೆದುಬಿಡುತ್ತೇನೆ: ಟೈಪ್ 1 ಬರುವುದು ಸಿಹಿ ತಿಂದಿದ್ದರಿಂದ ಅಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿಬಿಡುತ್ತದೆ. ಆಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಮಗು ಉಳಿಯುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೋದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೂ ಹಿಂದೆ ಇಂಥ ಮಕ್ಕಳ ತಂದೆತಾಯಿಗೆ ಡಾಕ್ಟರು ಹೇಳಬಹುದಾಗಿದ್ದು ಉಪವಾಸ ಒಂದೇ; ಸಾವನ್ನು ಕೆಲವು ತಿಂಗಳು ಮುಂದೂಡುವ ಉಪವಾಸ. ಹಾಗಲಕಾಯಿಯ ಮಾತು ಬಂದಾಗಲೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ.

ಜನವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಸೂಜಿ ನಮ್ಮದೇ ಹೊಣೆಯಾಗಿತ್ತು. ಐದು ವಾರ ನಾನು ರಜೆ ಹಾಕಿದೆ. ರಜೆ ಮುಗಿದ ಮೇಲೆ ನಮ್ಮನೆಯವರು ಮೋಟಾರ್ ರಿವೈಂಡಿಂಗ್ ಅಂಗಡಿಯ ಷಟರ್ ಎಳೆದು ಬೈಕಿನಲ್ಲಿ ಹೋಗುತ್ತಿದ್ದರು. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಸಾಲುಗಟ್ಟಿ ಬರುವ ಕಾಲ. ತೋಟಕ್ಕೆ ನೀರಿಲ್ಲದೆ ಒದ್ದಾಡುವ ರೈತ ಅಂಗಡಿ ಮುಚ್ಚಿದ್ದು ನೋಡಿ ಪಕ್ಕದೂರಿಗೆ ಹೋಗುತ್ತಾನೆ. ಹಾಗೆ ಹೋದವರು ತಿರುಗಿ ಬರುವುದಿಲ್ಲ. ಶಾಲೆಯ ಗೇಟಿನ ಹತ್ತಿರದ ಹೊಂಗೆಮರದ ಕೆಳಗೆ ಅವರು ನಿಂತಿರುವುದನ್ನು ನೋಡಿ ಮಗಳು ಒಂದು ದಿನ ಕೇಳಿದಳಂತೆ, "ಅಪ್ಪ, ನಾನು ಹತ್ತನೇ ಕ್ಲಾಸಿಗೆ ಹೋದ್ರೂ ನೀನು ಬರ್ತೀಯಾ?"

ಮೇ ತಿಂಗಳ ಕೊನೆಯಲ್ಲಿ, ಶಾಲೆ ಶುರುವಾಗುವ ವಾರ, ಹೆಡ್‌ಮಾಸ್ಟರನ್ನು ನೋಡಲು ಹೋದೆ. ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೂರಿಸಿದರು. ಎಲ್ಲ ಕೇಳಿಸಿಕೊಂಡು, "ಅಮ್ಮಾ, ನಾವು ಪಾಠ ಮಾಡೋರು. ಸೂಜಿ ಚುಚ್ಚಿ ಮಗುಗೆ ಏನಾದ್ರೂ ಆದ್ರೆ ಹೊಣೆ ಯಾರು?" ಎಂದರು.

ನಾನು ಸಿದ್ಧಳಾಗಿಯೇ ಹೋಗಿದ್ದೆ. "ಸರ್, ನೀವು ವಾರಕ್ಕೊಂದು ಸಲ ಎಲ್ಲ ಮಕ್ಕಳಿಗೂ ಕಬ್ಬಿಣಾಂಶದ ಮಾತ್ರೆ ಕೊಡ್ತೀರಿ. ಫೆಬ್ರುವರಿಯಲ್ಲಿ ಜಂತುಹುಳುವಿನ ಮಾತ್ರೆ ನಿಮ್ಮ ಎದುರಿಗೇ ಅಗಿಸ್ತೀರಿ. ಅದೂ ಔಷಧಿನೇ ಅಲ್ವಾ?"

"ಅದಕ್ಕೆ ಇಲಾಖೆ ಆದೇಶ ಇದೆ. ಇದಕ್ಕೆಲ್ಲಿದೆ, ತೋರಿಸಿ."

ಆ ಮಾತಿಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ಅವರು ಕೇಳಿದ್ದು ಕಾಗದ. ಕರುಣೆಯ ಕೊರತೆ ಅವರಲ್ಲಿರಲಿಲ್ಲ, ಇದ್ದದ್ದು ಭಯ. ಎಲ್ಲ ಮಕ್ಕಳಿಗೆ ಕೊಡುವ ಮಾತ್ರೆಯ ಹಿಂದೆ ಸರ್ಕಾರ ನಿಂತಿದೆ. ಒಬ್ಬಳಿಗೆ ಕೊಡುವ ಸೂಜಿಯ ಹಿಂದೆ ಆ ಮೇಷ್ಟ್ರು ಒಬ್ಬರೇ. ಅವರ ಜಾಗದಲ್ಲಿ ನಾನಿದ್ದರೂ ಹಿಂದೆ ಸರಿಯುತ್ತಿದ್ದೆ.

ಹಾಗಾಗಿ ಕಾಗದ ಹುಡುಕಿದೆ. 2017ರಲ್ಲಿ ಸಿಬಿಎಸ್‌ಇ, ಟೈಪ್ 1 ಇರುವ ಮಕ್ಕಳು ಬೋರ್ಡ್ ಪರೀಕ್ಷೆಯ ಕೋಣೆಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದು ಎಂದು ಹೇಳಿತ್ತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಈ ಮಕ್ಕಳ ವಿಷಯವಾಗಿ ರಾಜ್ಯಗಳಿಗೆ ಬರೆದಿತ್ತು. ಅದೇ ವರ್ಷ ಉತ್ತರ ಪ್ರದೇಶ ಸರ್ಕಾರ, ಮಗು ತರಗತಿಯಲ್ಲೇ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಶಿಕ್ಷಕರು ಅವಕಾಶ ಕೊಡಬೇಕೆಂದು ಸೂಚಿಸಿತು. ಇವನ್ನೆಲ್ಲ ಮುದ್ರಿಸಿಕೊಂಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ತೆರೆದು ನೋಡಿದೆ. ಅದರ 21 ಸ್ಥಿತಿಗಳ ಪಟ್ಟಿಯಲ್ಲಿ ಥಲಸ್ಸೇಮಿಯಾ ಇದೆ, ಹಿಮೋಫಿಲಿಯಾ ಇದೆ, ಟೈಪ್ 1 ಇಲ್ಲ. ಎಲ್ಲವನ್ನೂ ಸರಿಯಾಗಿ ಓದಿದಾಗ ಕಂಡದ್ದು ಇದು: "ಅವಕಾಶ ಕೊಡಿ" ಎನ್ನುವ ಮಾತು ಅಲ್ಲಲ್ಲಿ ಇದೆ. ತಾನೇ ಚುಚ್ಚಿಕೊಳ್ಳಲು ಬಾರದ ಏಳು ವರ್ಷದ ಮಗುವಿಗೆ ಅವಕಾಶ ಸಾಲದು, ಇನ್ನೊಬ್ಬರ ಕೈ ಬೇಕು.

ಆ ಕೈ ಕೊಡಲು ಒಪ್ಪಿದವರು ಮೂರನೇ ಕ್ಲಾಸಿನ ಮಿಸ್. ಅವರಿಗೂ ಭಯವೇ. ಸೂಜಿ ಎಂದರೆ ಅವರ ಕಣ್ಣಿಗೆ ಬರುತ್ತಿದ್ದುದು ಆಸ್ಪತ್ರೆಯ ದೊಡ್ಡ ಸಿರಿಂಜ್. ಈಗ ಇನ್ಸುಲಿನ್ ಕೊಡುವುದು ಬರೆಯುವ ಪೆನ್ನಿನಂಥದ್ದೇ ಒಂದು ಸಾಧನದಿಂದ. ನಾನು ಆ ಪೆನ್ನಿನ ಸೂಜಿ ತೆಗೆದು ಅಂಗೈ ಮೇಲಿಟ್ಟೆ: ನಾಲ್ಕು ಮಿಲಿಮೀಟರ್, ಅಕ್ಕಿಕಾಳಿಗಿಂತ ಗಿಡ್ಡ. ಅವರು ಬಗ್ಗಿ ನೋಡಿ, "ಇಷ್ಟೇನಾ?" ಎಂದರು. ಆ "ಇಷ್ಟೇನಾ"ದಿಂದಲೇ ನಮ್ಮ ಕೆಲಸ ಶುರುವಾದದ್ದು.

ಆರೋಗ್ಯ ಕೇಂದ್ರದ ಸಿಸ್ಟರ್ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಒಂದು ಗಂಟೆ ಕೂತರು. ಪೆನ್ನಿಗೆ ಸೂಜಿ ತಿರುಗಿಸುವುದು, ಎರಡು ಯೂನಿಟ್ ಹೊರಗೆ ಬಿಟ್ಟು ಹನಿ ಬರುತ್ತದೆಯೇ ನೋಡುವುದು, ಆಮೇಲೆ ಲೆಕ್ಕದ ಯೂನಿಟ್ ತಿರುಗಿಸುವುದು, ಹೊಟ್ಟೆಯ ಬದಿಯಲ್ಲೋ ತೊಡೆಯಲ್ಲೋ ಚುಚ್ಚಿ ಗುಂಡಿ ಒತ್ತಿ ಹತ್ತು ಎಣಿಸುವವರೆಗೆ ಸೂಜಿ ತೆಗೆಯದಿರುವುದು. ಮಿಸ್ ಮೊದಲು ಬಾಳೆಹಣ್ಣಿಗೆ ಚುಚ್ಚಿ ಕಲಿತರು. ನಂತರ ನನ್ನ ತೋಳಿಗೆ, ಖಾಲಿ ಸೂಜಿಯಿಂದ. ಆಮೇಲೆ ಮಗಳಿಗೆ. ಹತ್ತು ಎಣಿಸುವುದನ್ನು ಮಗಳೇ ವಹಿಸಿಕೊಂಡಳು. ಎರಡನೇ ವಾರದಿಂದ ಪಕ್ಕದ ಬೆಂಚಿನ ಹುಡುಗಿಯರೂ ಅವಳ ಜೊತೆ ರಾಗವಾಗಿ ಒಂದು, ಎರಡು, ಮೂರು ಎನ್ನತೊಡಗಿದರಂತೆ.

ಹೆಡ್‌ಮಾಸ್ಟರ್ ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರ ಕೇಳಿದರು. ಕೊಟ್ಟೆವು. ಅದರ ಜೊತೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸುವಂತೆ ನಾನು ಬೇಡಿಕೊಂಡೆ. ಇದು ನನ್ನ ಅಂಚೆ ಕಚೇರಿ ಬುದ್ಧಿ: ಪುಸ್ತಕದಲ್ಲಿ ಹತ್ತಿದ್ದು ನಿಲ್ಲುತ್ತದೆ. ಸಭೆ ನಡಾವಳಿಗೆ ಸಹಿ ಬಿದ್ದ ಮೇಲೆ ಹೆಡ್‌ಮಾಸ್ಟರ ಹಣೆಯ ಗೆರೆ ಸ್ವಲ್ಪ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಹೊಣೆ ಈಗ ಒಬ್ಬರ ತಲೆಯ ಮೇಲಿರಲಿಲ್ಲ.

ಇನ್ನೊಂದು ಕಾಗದದ ಕಥೆಯೂ ಇದೆ. ಆಸ್ಪತ್ರೆಯವರು ಶಾಲೆಗೆಂದೇ ಇಂಗ್ಲಿಷಿನಲ್ಲಿ ನಾಲ್ಕು ಪುಟ ಕೊಟ್ಟಿದ್ದರು. ಅದನ್ನು ಎಲ್ಲರೂ ಗೌರವದಿಂದ ಫೈಲಿಗೆ ಸೇರಿಸಿದರು, ಓದಲಿಲ್ಲ. ಓದಿಲ್ಲವೆಂದು ಅವರನ್ನು ದೂರುವ ಮೊದಲು ನಾನೇ ಕನ್ನಡದಲ್ಲಿ ಒಂದೇ ಪುಟ ಬರೆದೆ. ಮೊದಲ ಸಲ ಬರೆದದ್ದು ಪೂರ್ತಿ "ದಯಮಾಡಿ", "ದಯವಿಟ್ಟು". ಹರಿದು ಹಾಕಿದೆ. ಅಪಾಯದ ಹೊತ್ತಿನಲ್ಲಿ ಯಾರಿಗೂ ವಿನಂತಿ ಓದಲು ಸಮಯವಿರುವುದಿಲ್ಲ. ಎರಡನೇ ಸಲ ಹೀಗೆ ಬರೆದೆ: ಬೆವರಿದರೆ, ನಡುಗಿದರೆ, ಮಂಕಾಗಿ ಕೂತರೆ ಮೊದಲು ಶುಗರ್ ನೋಡಿ; ನೋಡಲು ಆಗದಿದ್ದರೆ ಕಾಯಬೇಡಿ, ಎರಡು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ; ಹದಿನೈದು ನಿಮಿಷದ ನಂತರ ಮತ್ತೆ ನೋಡಿ; ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ, ಬಚ್ಚಲಿಗೂ; ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ. ಕೆಳಗೆ ಎರಡು ನಂಬರು. ಅಷ್ಟೇ. ಸಕ್ಕರೆಯ ಅಳತೆ ನಮ್ಮ ಡಾಕ್ಟರು ನಮ್ಮ ಮಗಳ ತೂಕಕ್ಕೆ ಹೇಳಿದ್ದು. ಇದನ್ನು ಓದುವ ತಂದೆತಾಯಂದಿರು ತಮ್ಮ ಮಗುವಿನ ಅಳತೆಯನ್ನು ತಮ್ಮ ಡಾಕ್ಟರ ಬಳಿಯೇ ಬರೆಸಿಕೊಳ್ಳಬೇಕು.

ಔಷಧಿ ಎಲ್ಲಿಡುವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಶಾಲೆಯಲ್ಲಿ ಫ್ರಿಜ್ ಇಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಅದು ಮನೆಯ ಫ್ರಿಜ್ಜಿನಲ್ಲಿರುತ್ತದೆ. ಬಳಕೆಯಲ್ಲಿರುವ ಪೆನ್ನನ್ನು 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ ಹೊರಗಿಡಬಹುದು. ಜೂನ್, ಜುಲೈನಲ್ಲಿ ನಮ್ಮ ಕಡೆ ಅದಕ್ಕೇನೂ ತೊಂದರೆಯಿಲ್ಲ. ಮಾರ್ಚ್ ಬಂದರೆ ಶೀಟಿನ ಕೋಣೆ ಬಾಣಲೆಯಾಗುತ್ತದೆ. ಸಂತೆಯಲ್ಲಿ ಒಂದು ಮಡಕೆ, ಅದರೊಳಗೆ ಕೂರುವ ಕುಡಿಕೆ ತಂದು, ನಡುವೆ ಮರಳು ತುಂಬಿ ನೀರು ಹಾಕಿಟ್ಟೆವು. ಒದ್ದೆ ಬಟ್ಟೆ ಮುಚ್ಚಿದ ಆ ಕುಡಿಕೆಯಲ್ಲಿ ಪೆನ್ನು ತಣ್ಣಗಿರುತ್ತದೆ. ಬಳಸಿದ ಸೂಜಿಗೆ ಮುಚ್ಚಳ ಬಿಗಿಯಾಗಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ತುಂಬಿದ ಮೇಲೆ ಆರೋಗ್ಯ ಕೇಂದ್ರಕ್ಕೆ.

ಬೀಗದ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಸಹೋದ್ಯೋಗಿಯೊಬ್ಬರ ಮಗನಿಗೆ ಆಸ್ತಮಾ. ಅವನ ಇನ್‌ಹೇಲರ್ ಅನ್ನು ಅವನ ಶಾಲೆಯಲ್ಲಿ ಜೋಪಾನವಾಗಿರಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವನಿಗೆ ಉಸಿರು ಕಟ್ಟಿದ ದಿನ ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿತ್ತು, ಅವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಯಲ್ಲಿದ್ದರು. ಹುಡುಗ ಉಳಿದ, ಪಕ್ಕದ ಮನೆಯವರ ಆಟೋದಿಂದ. ಆ ಕಥೆ ಕೇಳಿದ ದಿನವೇ ನಮ್ಮ ಸಕ್ಕರೆ ಡಬ್ಬಿಯನ್ನು ಬೀರುವಿನಿಂದ ತೆಗೆಸಿ ಕ್ಲಾಸಿನ ಕಿಟಕಿ ಮೇಲೆ ಇಡಿಸಿದೆ. ತುರ್ತಿಗೆ ಬೇಕಾದ್ದು ಮಗುವಿನ ಕೈಗೆ ಎಟುಕಬೇಕು. ಇನ್ಸುಲಿನ್ ದೊಡ್ಡವರ ಸುಪರ್ದಿಯಲ್ಲಿರಲಿ, ಸಕ್ಕರೆ ಬಯಲಲ್ಲಿರಲಿ.

ಜೂನ್, ಜುಲೈ ಚೆನ್ನಾಗಿಯೇ ನಡೆಯಿತು. ಮಿಸ್ ಒಂದು ನೋಟ್‌ಬುಕ್ಕಿನಲ್ಲಿ ಸಮಯ, ಶುಗರ್, ಯೂನಿಟ್ ಬರೆದು ಸಹಿ ಹಾಕುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ. ನಮ್ಮ ಏರ್ಪಾಡು ಇಷ್ಟು: 12.45ಕ್ಕೆ ಶುಗರ್ ನೋಡಿ ಮೂರು ಯೂನಿಟ್, ಒಂದು ಗಂಟೆಗೆ ಬೆಲ್, ಊಟ.

ಆಗಸ್ಟಿನ ಒಂದು ದಿನ ಶಾಲೆಯ ಅಡುಗೆಮನೆಯಲ್ಲಿ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರ್ ತರಿಸಿ, ಅರ್ಧ ಬೆಂದ ಬೇಳೆಯನ್ನು ಮತ್ತೆ ಒಲೆಗಿಟ್ಟು ಸಾಂಬಾರು ಆಗುವಷ್ಟರಲ್ಲಿ ಒಂದೂ ಮುಕ್ಕಾಲು. ಮಿಸ್ ಮಾತ್ರ ಕಾಗದದಲ್ಲಿ ಬರೆದಿದ್ದ ಹಾಗೆ 12.45ಕ್ಕೆ ಸೂಜಿ ಕೊಟ್ಟು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಿದ್ದರೆಂದು ಆಫೀಸಿಗೆ ಹೋಗಿದ್ದರು. ಬೇಗ ಕೆಲಸ ಮಾಡುವ ಇನ್ಸುಲಿನ್ ಊಟಕ್ಕೆ ಕಾಯುವುದಿಲ್ಲ. ಮೈಗೆ ಹೋದ ಕಾಲು ಗಂಟೆಯಲ್ಲಿ ಕೆಲಸಕ್ಕೆ ಇಳಿಯುತ್ತದೆ. ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ.

ಕಂಬಕ್ಕೆ ಒರಗಿ ಕೂತಿದ್ದ ಮಗಳನ್ನು ಮೊದಲು ಕಂಡವರು ಬಿಸಿಯೂಟದ ಅಡುಗೆಯ ಅಕ್ಕ. ಐವತ್ತು ದಾಟಿದವರು, ನಮ್ಮ ಊರಿನವರೇ. ತರಕಾರಿ ಸಿಪ್ಪೆ ಚೆಲ್ಲಲು ಹೊರಗೆ ಬಂದವರು ಇವಳ ಹಣೆಯ ಬೆವರು ನೋಡಿ, ಮುಟ್ಟಿ, ಮೈ ತಣ್ಣಗಿದ್ದುದು ಕಂಡು, ಯಾರನ್ನೂ ಕೇಳದೆ ಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದರು. ಮಿಸ್ ಓಡಿ ಬಂದು ಶುಗರ್ ನೋಡಿದಾಗ 52. ಬೆಲ್ಲದ ನೀರಿನ ನಂತರವೂ 52.

ಫೋನಿನಲ್ಲಿ ನಾನು ಮಿಸ್ ಮೇಲೆ ಕೂಗಾಡಿದೆ. ಊಟ ಬಂದಿಲ್ಲ ಅಂತ ಕಾಣಿಸಲಿಲ್ವಾ ಎಂದೆ. ಅವರು ಅತ್ತರು. ಮಾರನೇ ದಿನ ನೋಟ್‌ಬುಕ್ ವಾಪಸ್ ಕಳಿಸಿ, ತಮ್ಮಿಂದ ಇನ್ನು ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಕೂಗಾಟಕ್ಕೆ ಇವತ್ತಿಗೂ ನನಗೆ ನೋವಿದೆ. ತಪ್ಪು ಅವರದಾಗಿರಲಿಲ್ಲ. ಕಾಗದದಲ್ಲಿ 12.45 ಎಂದು ಬರೆದವಳು ನಾನು. ಅವರು ಅಕ್ಷರಶಃ ಪಾಲಿಸಿದ್ದರು.

ಎರಡು ದಿನ ನಮ್ಮನೆಯವರು ಮತ್ತೆ ಷಟರ್ ಎಳೆದರು. ಮೂರನೇ ದಿನ ನಾನು ರಜೆ ಹಾಕಿ ಶಾಲೆಗೆ ಹೋದೆ. ಮಿಸ್ ಬಳಿ ಕ್ಷಮೆ ಕೇಳಿದೆ. ಆಮೇಲೆ ನೇರವಾಗಿ ಅಡುಗೆಮನೆಗೆ ಹೋಗಿ ಕೂತೆ. ಇಷ್ಟು ತಿಂಗಳಿನಲ್ಲಿ ನಾನು ಹೆಡ್‌ಮಾಸ್ಟರ್, ಮಿಸ್, ಸಿಸ್ಟರ್, ಎಸ್‌ಡಿಎಂಸಿ ಅಧ್ಯಕ್ಷರು ಎಲ್ಲರ ಜೊತೆ ಮಾತಾಡಿದ್ದೆ. ನನ್ನ ಮಗಳ ತಟ್ಟೆಗೆ ಅನ್ನ ಬಡಿಸುವವರ ಜೊತೆ ಒಂದು ಮಾತೂ ಆಡಿರಲಿಲ್ಲ. ಇನ್ಸುಲಿನ್ನಿನ ಅರ್ಧ ಲೆಕ್ಕ ಇದ್ದದ್ದು ಅವರ ಸೌಟಿನಲ್ಲಿ.

ಅಕ್ಕ ಒಲೆಯಿಂದ ಮುಖ ತಿರುಗಿಸದೆಯೇ ಹೇಳಿದರು: "ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು ಕಣಮ್ಮ. ಅನ್ನ ಇಳಿಸ್ತಿದ್ದಂಗೆ ನಾನೇ ಕೂಗ್ತಿದ್ದೆ."

ಅವತ್ತು ಮನೆಯ ತಕ್ಕಡಿ ಒಯ್ದಿದ್ದೆ. ಐದನೇ ಕ್ಲಾಸಿನವರೆಗೆ ಬಿಸಿಯೂಟಕ್ಕೆ ಒಂದು ಮಗುವಿಗೆ 100 ಗ್ರಾಂ ಅಕ್ಕಿಯ ಲೆಕ್ಕ. ಅದು ಪುಸ್ತಕದ ಲೆಕ್ಕ. ತಟ್ಟೆಯ ಲೆಕ್ಕ ಬೇರೆ. ಅಕ್ಕನ ಒಂದು ಸೌಟು ಅನ್ನ ತೂಗಿದರೆ 140 ಗ್ರಾಂ ಬಂತು, ಹತ್ತು ಸಲ ತೂಗಿದರೂ ಹೆಚ್ಚುಕಡಿಮೆ ಅಷ್ಟೇ. ವರ್ಷಗಟ್ಟಲೆ ಬಡಿಸಿದ ಕೈ ಅದು. ಅದರಲ್ಲಿ ಸುಮಾರು 40 ಗ್ರಾಂ ಪಿಷ್ಟ, ಅಂದರೆ ಶುಗರ್ ಏರಿಸುವ ಅಂಶ. ಮಗಳು ತಿನ್ನುವುದು ಒಂದೂವರೆ ಸೌಟು, ಮೇಲೆ ಸಾಂಬಾರು: ಒಟ್ಟು ಪಿಷ್ಟ 70 ಗ್ರಾಂ ಆಸುಪಾಸು. ಅವಳಿಗೆ ಡಾಕ್ಟರು ಹೇಳಿದ್ದ ಲೆಕ್ಕದಲ್ಲಿ ಮೂರು ಯೂನಿಟ್ಟಿಗೆ ಸರಿ. ಮೊಟ್ಟೆ ಕೊಡುವ ದಿನ ಅದಕ್ಕೆ ಇನ್ಸುಲಿನ್ ಬೇಡವೇ ಬೇಡ, ಬಾಳೆಹಣ್ಣು ತೆಗೆದುಕೊಂಡರೆ ಬೇಕು, ಆಗ ಕೊಡುತ್ತಿದ್ದ ಚಿಕ್ಕಿಗೆ ಬೇಕೇ ಬೇಕು. ಬೆಳಿಗ್ಗೆಯ ಕ್ಷೀರಭಾಗ್ಯದ ಹಾಲಿಗೆ ಸಕ್ಕರೆ ಬೆರೆಸುವ ಮೊದಲು ಇವಳಿಗೊಂದು ಲೋಟ ತೆಗೆದಿಡುತ್ತೇನೆ ಎಂದು ಅಕ್ಕ ತಾವಾಗಿಯೇ ಹೇಳಿದರು. ಯಾವ ಆಸ್ಪತ್ರೆಯ ನಾಲ್ಕು ಪುಟದಲ್ಲೂ ಇದು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ.

ಕಾಗದದಲ್ಲಿದ್ದ 12.45 ಹೊಡೆದು ಹಾಕಿದೆ. ಅಕ್ಕ ಹೇಳಿದ ಮಾತನ್ನೇ ಅಲ್ಲಿ ಬರೆದೆ: ಗಡಿಯಾರ ನೋಡಿ ಸೂಜಿ ಬೇಡ, ಸೌಟು ನೋಡಿ ಸೂಜಿ. ಈಗ ಹನ್ನೆರಡೂ ಮುಕ್ಕಾಲಿಗೆ ಶುಗರ್ ಮಾತ್ರ ನೋಡುತ್ತಾರೆ. ಅನ್ನದ ಡಬರಿ ಜಗಲಿಗೆ ಬಂದ ಮೇಲೆ ಅಕ್ಕ ಮಗಳ ಹೆಸರು ಹಿಡಿದು ಕೂಗುತ್ತಾರೆ. ಆ ಕೂಗು ಕೇಳಿದ ಮೇಲೆಯೇ ಪೆನ್ನು ಕುಡಿಕೆಯಿಂದ ಹೊರಗೆ ಬರುವುದು. ಸೂಜಿಯಾಗಿ ಹತ್ತು ಹದಿನೈದು ನಿಮಿಷಕ್ಕೆ ತಟ್ಟೆ. ಮಿಸ್ ಆ ಕಾಗದ ಓದಿ, ನೋಟ್‌ಬುಕ್ಕಿಗೆ ಕೈ ಚಾಚಿದರು. ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪುಸ್ತಕದಲ್ಲಿ ಎರಡು ದಿನದ ಜಾಗ ಖಾಲಿ ಬಿಟ್ಟು ಅವತ್ತಿನ ತಾರೀಖು ಬರೆದರು.

ಆ ವರ್ಷ ನವೆಂಬರ್ 14ರಂದು ಶಾಲೆಯಲ್ಲಿ ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ, ಹಾಗಾಗಿ ವಿಶ್ವ ಮಧುಮೇಹ ದಿನವೂ ಅವತ್ತೇ. ಮಿಸ್ ಎಲ್ಲ ಮಕ್ಕಳನ್ನೂ ಕೂರಿಸಿ, ಇವಳ ಪೆನ್ನು ತೋರಿಸಿ, ಇದು ಅವಳ ಹೊಟ್ಟೆಯೊಳಗೆ ಕೆಲಸ ನಿಲ್ಲಿಸಿದ ಒಂದು ಗ್ರಂಥಿಯ ಬದಲಿಗೆ ಕೆಲಸ ಮಾಡುತ್ತದೆ ಎಂದು ಹೇಳಿದರಂತೆ. ಆಮೇಲೆ ಲಾಡು ಹಂಚಿದರು. ಅವಳಿಗೂ ಒಂದು ಲಾಡು, ಒಂದು ಯೂನಿಟ್ ಹೆಚ್ಚಿಗೆ. ಇದನ್ನು ಕೇಳಿ ನನಗೆ ಆದ ನೆಮ್ಮದಿಯನ್ನು ಹೇಗೆ ಹೇಳಲಿ? "ನಿನಗೆ ಬೇಡ" ಎಂದು ಅವಳನ್ನು ಪಕ್ಕಕ್ಕೆ ಕೂರಿಸುವುದೇ ಒಳ್ಳೆಯದು ಎಂದು ತಿಳಿದ ಒಳ್ಳೆಯ ಜನರ ನಡುವೆ ನಾವು ಬದುಕುತ್ತಿದ್ದೇವೆ. ಮದುವೆಮನೆಗಳಲ್ಲಿ ಅವಳ ಎಲೆಯಿಂದ ಹೋಳಿಗೆ ಎತ್ತಿಕೊಂಡವರಿದ್ದಾರೆ. ಲೆಕ್ಕ ಹಾಕಿ ಲಾಡು ಕೊಟ್ಟವರು ಆ ಮಿಸ್ ಮೊದಲಿಗರು.

ಮಗಳು ಈಗ ನಾಲ್ಕನೇ ಕ್ಲಾಸು. ಸೂಜಿ ತಾನೇ ಹಾಕಿಕೊಳ್ಳುತ್ತಾಳೆ. ಪೆನ್ನಿನ ಕಿಟಕಿಯಲ್ಲಿ ಕಾಣುವ ಅಂಕಿ ಸರಿಯಿದೆಯೇ ಎಂದು ದೊಡ್ಡವರೊಬ್ಬರು ನೋಡಿ ಸಹಿ ಹಾಕಬೇಕು, ಅದಿನ್ನೂ ಇದೆ. ಎಂಟೂವರೆ ವರ್ಷದ ಕೈಗೆ ಸೂಜಿ ಹಾಕಲು ಬಂದರೂ ಅದರ ಹೊಣೆಯನ್ನು ಪೂರ್ತಿ ಹೊರಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ, ನನಗೂ ಅದು ಸರಿಯೆನಿಸುತ್ತದೆ.

ಜೂನಿನಲ್ಲಿ ಕೌನ್ಸೆಲಿಂಗ್ ಆಗಿ ಮಿಸ್‌ಗೆ ವರ್ಗಾವಣೆಯಾಯಿತು. ಒಂದು ವರ್ಷದಿಂದ ನಾನು ಹೆದರುತ್ತಿದ್ದ ಸುದ್ದಿ ಅದು. ಹೊಸ ಮೇಷ್ಟ್ರು ಬಂದ ದಿನ ನಮ್ಮ ಕಚೇರಿಯಲ್ಲಿ ಇನ್‌ಸ್ಪೆಕ್ಷನ್, ಬಿಟ್ಟು ಹೋಗುವಂತಿರಲಿಲ್ಲ. ನಾಳೆ ಹೋಗಿ ಎಲ್ಲ ಮೊದಲಿನಿಂದ ಹೇಳಬೇಕು, ಮತ್ತೆ ಬಾಳೆಹಣ್ಣು, ಮತ್ತೆ ಸಿಸ್ಟರ್ ಎಂದುಕೊಳ್ಳುತ್ತಾ ಲೆಡ್ಜರ್ ತಿರುವುತ್ತಿದ್ದೆ. ಒಂದು ಗಂಟೆಗೆ ಐದು ನಿಮಿಷ ಇರುವಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಂಡು ದನಿ.

"ಮೇಡಂ, ನಾನು ಹೊಸದಾಗಿ ಬಂದಿರೋ ಮೇಷ್ಟ್ರು. ಅಡುಗೆ ಅಕ್ಕ ನನ್ನನ್ನ ಕರ್ಕೊಂಡು ಬಂದು ಗೋಡೆ ಮೇಲಿನ ಕಾಗದ ಓದಿಸಿದ್ರು. ಇವತ್ತು ಅನ್ನ ಸಾಂಬಾರ್ ಅಲ್ಲ, ಚಿತ್ರಾನ್ನ ಮಾಡಿದಾರೆ. ಅದಕ್ಕೂ ಮೂರೇನಾ?"

ಹಿಂದಿನಿಂದ ಡಬರಿಯ ಸದ್ದು, ಅದರ ಮೇಲೆ ಅಕ್ಕನ ದನಿ: "ಒಂದೂವರೆ ಸೌಟೇ ಹಾಕ್ತೀನಿ ಅಂತ ಹೇಳಿ ಸಾ."

"ಸಾಂಬಾರ್ ಇಲ್ಲವಲ್ಲ, ಎರಡೂವರೆ ಸಾಕು ಸರ್," ಎಂದೆ.

"ಎರಡೂವರೆ," ಎಂದರು ಅವರು, ಬರೆದುಕೊಳ್ಳುತ್ತಾ. ಅಷ್ಟರಲ್ಲಿ ಪಕ್ಕದಲ್ಲೇ ನನ್ನ ಮಗಳು ಎಣಿಸಲು ಶುರುಮಾಡಿದ್ದು ಕೇಳಿಸಿತು.